ರಿಸ್ಕ್ ಆಡುವಾಗ ಏಷ್ಯಾದ ಆಸೆ ಬಿಡಿ

ರಿಸ್ಕ್ ಅಂದರೆ ಪ್ರಪಂಚದ ನಕ್ಷೆ ಮೇಲೆ ಸೈನ್ಯ ಇಟ್ಟು, ದಾಳ ಹಾಕಿ ಪ್ರದೇಶ ಹಿಡಿಯುವ ಬೋರ್ಡ್ ಆಟ. ಅದರ ಬೋರ್ಡ್ ಮೊದಲ ಸಲ ಬಿಚ್ಚಿದಾಗ ನನ್ನ ಕಣ್ಣು ನೇರವಾಗಿ ಹೋಗಿದ್ದು ಏಷ್ಯಾದ ಮೇಲೆ. ಪೂರ್ತಿ ಹಿಡಿದರೆ ಪ್ರತಿ ಸರದಿಗೂ 7 ಸೈನ್ಯ ಪುಕ್ಕಟೆ, ಯಾರಿಗೆ ಬೇಡ ಹೇಳಿ? ಒದ್ದಾಡಿ ಒದ್ದಾಡಿ 12 ಪ್ರದೇಶಗಳನ್ನೂ ಹಿಡಿದೆ. ನನ್ನ ಸರದಿ ಮತ್ತೆ ಬರುವಷ್ಟರಲ್ಲಿ ಮೂವರು ಮೂರು ಕಡೆಯಿಂದ ನುಗ್ಗಿದ್ದರು. ಆ 7 ನನ್ನ ಕೈಗೆ ಒಂದು ಸಲವೂ ಬರಲಿಲ್ಲ.

ನೆಲ ಹಿಡಿಯುವ ಯಾವ ಆಟವೇ ಇರಲಿ, ಮೊದಲು ಬಾಗಿಲು ಎಣಿಸಿ. ಹೊರಗಿನವರು ಏಷ್ಯಾದ 5 ಪ್ರದೇಶಗಳ ಮೂಲಕ ಒಳಗೆ ಬರಬಹುದು: ಕಾಮ್‌ಚಾಟ್ಕಾ, ಯುರಾಲ್, ಅಫ್ಘಾನಿಸ್ತಾನ, ಮಧ್ಯಪ್ರಾಚ್ಯ, ಸಯಾಮ್. ಅಷ್ಟು ಕಡೆ ಕಾವಲು ಹಾಕೋಕೆ ಯಾರ ಹತ್ತಿರ ಸೈನ್ಯ ಇರುತ್ತೆ? ಆಸ್ಟ್ರೇಲಿಯಾದಿಂದ ಸಿಗುವುದು ಬರೀ 2, ಆದರೆ ಬಾಗಿಲೂ ಒಂದೇ, ಇಂಡೋನೇಷ್ಯಾ. ದಕ್ಷಿಣ ಅಮೆರಿಕಕ್ಕೂ 2, ಬಾಗಿಲು ಎರಡು. ಉತ್ತರ ಅಮೆರಿಕ ಮತ್ತು ಯುರೋಪ್ ಎರಡಕ್ಕೂ 5 ಸಿಗುತ್ತೆ, ಆದರೆ ಉತ್ತರ ಅಮೆರಿಕಕ್ಕೆ ಮೂರು ಕಡೆ ಕಾವಲು ಸಾಕು, ಯುರೋಪಿಗೆ ನಾಲ್ಕು ಕಡೆ ಬೇಕು, ಜೊತೆಗೆ ಅದು ಎಲ್ಲರ ದಾರಿಯಲ್ಲೇ ಬೇರೆ ಇದೆ. ಹಾಗಾಗಿ ಶುರುವಿಗೆ ಚಿಕ್ಕದನ್ನೇ ಹಿಡಿಯಿರಿ.

ಆಸ್ಟ್ರೇಲಿಯಾ ಸಿಕ್ಕಿತು ಅಂತಿಟ್ಟುಕೊಳ್ಳಿ. ಎಲ್ಲರೂ ಸೈನ್ಯವನ್ನು ಇಂಡೋನೇಷ್ಯಾದಲ್ಲಿ ಗುಡ್ಡೆ ಹಾಕುತ್ತಾರೆ. ನಾನು ಒಂದು ಹೆಜ್ಜೆ ಆಚೆ ಸಯಾಮ್‌ನಲ್ಲಿ ಹಾಕುತ್ತೇನೆ. ನನ್ನ ಬಾಗಿಲೂ ಭದ್ರ, ಬೇರೆ ಯಾರಿಗೂ ಏಷ್ಯಾ ಪೂರ್ತಿ ಸಿಗುವುದೂ ಇಲ್ಲ.

ಕಾಯಿ ಇಟ್ಟು ಜಾಗ ಸುತ್ತುಗಟ್ಟುವ ಗೋ ಆಟದಲ್ಲೂ ಇದೇ ಲೆಕ್ಕ. ಬೋರ್ಡಿನ ಮೂಲೆಯಲ್ಲಿ ಮೂರು ಸಾಲು, ಮೂರು ಕಂಬದ 9 ಜಾಗ ಸುತ್ತುಗಟ್ಟೋಕೆ 6 ಕಾಯಿ ಸಾಕು, ಯಾಕೆಂದರೆ ಎರಡು ಕಡೆ ಬೋರ್ಡಿನ ಅಂಚೇ ಗೋಡೆ. ಅಂಚಿನಲ್ಲಿ ಅಷ್ಟೇ ಜಾಗಕ್ಕೆ 9 ಕಾಯಿ, ನಟ್ಟನಡುವೆ 12. ಅದಕ್ಕೇ ಪಳಗಿದವರು ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡುವಿನ ಜಾಗಕ್ಕೆ ಹೋಗುತ್ತಾರೆ.

ಇನ್ನು ದಾಳ. ರಿಸ್ಕ್‌ನಲ್ಲಿ ದಾಳಿ ಮಾಡುವವರಿಗೆ ಹೆಚ್ಚೆಂದರೆ 3 ದಾಳ, ತಡೆಯುವವರಿಗೆ 2. ನೀವು 6, 4, 2 ಹಾಕಿದಿರಿ, ಎದುರಿನವರು 5, 4 ಹಾಕಿದರು ಅನ್ನಿ. 6ರ ಮುಂದೆ 5 ಸೋತಿತು. 4ಕ್ಕೆ 4 ಸಮ, ಸಮ ಆದರೆ ತಡೆಯುವವರಿಗೇ ಗೆಲುವು. ಇಬ್ಬರಿಗೂ ಒಂದೊಂದು ನಷ್ಟ. ಹೀಗೆ 3 ದಾಳಕ್ಕೆ 2 ದಾಳ ಎದುರಾದಾಗ ಎರಡನ್ನೂ ದಾಳಿ ಮಾಡಿದವರೇ ಗೆಲ್ಲುವುದು ಸುಮಾರು 37%, ಎರಡನ್ನೂ ಸೋಲುವುದು 29%, ಉಳಿದದ್ದು ಒಂದೊಂದು. ಅಂದರೆ ಮೂರು ದಾಳ ಇರೋತನಕ ದಾಳಿ ಮಾಡುವವರ ಕೈ ಸ್ವಲ್ಪ ಮೇಲು. 3 ದಾಳ ಹಾಕೋಕೆ ಆ ಪ್ರದೇಶದಲ್ಲಿ 4 ಸೈನ್ಯ ಇರಬೇಕು, ಅದಕ್ಕಿಂತ ಇಳಿದರೆ ನಿಲ್ಲಿಸಿಬಿಡಿ. "ಇನ್ನೊಂದೇ ಸಲ" ಅಂತ ದಾಳ ಕುಲುಕಿ ಕೈ ಸುಟ್ಟುಕೊಂಡವರೇ ಜಾಸ್ತಿ, ನಾನೂ ಸೇರಿ.

ಮಾತು ಕೂಡ ಆಟದ ಭಾಗವೇ. ರಿಸ್ಕ್ ಮಾಡಿದ ಆಲ್ಬೆರ್ ಲಮೊರಿಸ್ ಫ್ರಾನ್ಸಿನ ಸಿನಿಮಾ ನಿರ್ದೇಶಕ, ಆಟ ಬಂದದ್ದು 1957ರಲ್ಲಿ. ಮೇಜಿನ ಸುತ್ತ ಅಷ್ಟೊಂದು ನಾಟಕ ನಡೆಯೋದಕ್ಕೆ ಅದೇ ಕಾರಣ ಇರಬೇಕು! ಯುರೋಪಿನ ನಕ್ಷೆ ಮೇಲೆ ಆಡುವ ಡಿಪ್ಲೊಮಸಿ ಅನ್ನೋ ಆಟದಲ್ಲಂತೂ ದಾಳವೇ ಇಲ್ಲ. 7 ದೇಶ, 34 ಕೇಂದ್ರ, 18 ಹಿಡಿದವರು ಗೆದ್ದಂತೆ. ಎಲ್ಲರೂ ತಮ್ಮ ನಡೆಯನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು ಒಟ್ಟಿಗೇ ತೆರೆಯಬೇಕು. ಒಂದೇ ಜಾಗಕ್ಕೆ ಇಬ್ಬರು ಸಮಬಲದಲ್ಲಿ ಹೊರಟರೆ ಇಬ್ಬರೂ ಇದ್ದಲ್ಲೇ ಉಳಿಯುತ್ತಾರೆ, ಹಾಗಾಗಿ ಇನ್ನೊಬ್ಬರ ಬೆಂಬಲ ಇಲ್ಲದೆ ಬಹಳ ದೂರ ಹೋಗೋಕೆ ಆಗಲ್ಲ. ಆಸ್ಟ್ರಿಯಾದ ಟ್ರಿಯೆಸ್ಟ್ ಮತ್ತು ಇಟಲಿಯ ವೆನಿಸ್ ಶುರುವಿನಿಂದಲೇ ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ. ಅವರಿಬ್ಬರೂ ಮೊದಲ ವರ್ಷವೇ ಕಿತ್ತಾಡಿದರೆ ಟರ್ಕಿ, ರಷ್ಯಾ ಆಡುವವರಿಗೆ ಹಬ್ಬ. ಪಕ್ಕದವರಲ್ಲಿ ಒಬ್ಬರ ಜೊತೆಗಾದರೂ ಕೊಟ್ಟ ಮಾತು ಉಳಿಸಿಕೊಳ್ಳಿ, ಸುಳ್ಳು ಹೇಳುವುದಿದ್ದರೆ ಒಂದೇ ಸಲ, ಅದೂ ದೊಡ್ಡ ಲಾಭ ಇರುವಾಗ.

ರಿಸ್ಕ್‌ನಲ್ಲಿ ಬಲಶಾಲಿ ಅಂತ ಕಂಡವರ ಮೇಲೆ ಎಲ್ಲರೂ ಮುಗಿಬೀಳುತ್ತಾರೆ. ಅದಕ್ಕೆ ಎರಡನೇ ಸ್ಥಾನದಲ್ಲಿ ಸುಮ್ನೆ ಕೂತಿರಿ. ಪ್ರತಿ ಸರದಿಗೆ ಒಂದೇ ಒಂದು ಪ್ರದೇಶ ಗೆದ್ದು ಕಾರ್ಡ್ ತೆಗೆದುಕೊಳ್ಳಿ, ಸಾಕು. ಮೂರು ಕಾರ್ಡಿನ ಒಂದು ಸೆಟ್ ಕೊಟ್ಟರೆ ಸಿಗುವ ಸೈನ್ಯ ಪ್ರತಿ ಸೆಟ್‌ಗೂ 4, 6, 8, 10, 12, 15 ಅಂತ ಏರಿ, ಆಮೇಲೆ ಐದೈದು ಹೆಚ್ಚುತ್ತೆ. ಆ ಹೊತ್ತಿಗೆ ಖಂಡದ 2, 5 ಯಾವ ಲೆಕ್ಕ ಅಲ್ವಾ? ಈಗ ಯಾರ ಹತ್ತಿರ ಸೈನ್ಯ ಕಮ್ಮಿ, ಕಾರ್ಡ್ ಜಾಸ್ತಿ ಅಂತ ಹುಡುಕಿ. ಒಂದೇ ಸರದಿಯಲ್ಲಿ ಅವರನ್ನು ಪೂರ್ತಿ ಮುಗಿಸಿದರೆ ಅವರ ಕಾರ್ಡೆಲ್ಲ ನಿಮ್ಮದು, ಕೈಯಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಕಾರ್ಡ್ ಆಯಿತು ಅಂದರೆ ಅಲ್ಲೇ ಸೆಟ್ ಕೊಟ್ಟು ಹೊಸ ಸೈನ್ಯ ಇಳಿಸಿ ಮುಂದಿನವರ ಮೇಲೆ ಹೋಗಬಹುದು. ಆದರೆ ಹೊರಡುವ ಮುಂಚೆ ಅವರ ಕೊನೆಯ ಪ್ರದೇಶ ಎಲ್ಲಿದೆ, ಅಲ್ಲಿಗೆ ನಿಮ್ಮ ದಾರಿ ಇದೆಯಾ ಅಂತ ಬೆರಳಿಟ್ಟು ನೋಡಿಕೊಳ್ಳಿ. ಒಂದು ಪ್ರದೇಶ ಉಳಿಸಿ ನಿಂತರೆ ಆ ಕಾರ್ಡ್‌ಗಳೆಲ್ಲ ನಿಮ್ಮ ನಂತರದ ಸರದಿಯವರ ಪಾಲು.