ಡಿಫ್ರ್ಯಾಗ್ ಬಟನ್ ಒತ್ತೋಕೆ ಮುಂಚೆ ಒಂದ್ ನಿಮಿಷ

ಕಂಪ್ಯೂಟರ್ ಸ್ಲೋ ಆಗಿದೆ ಅಂದ ತಕ್ಷಣ ಯಾರಾದ್ರೂ ಒಬ್ರು "ಡಿಫ್ರ್ಯಾಗ್ ಮಾಡು, ಸರಿಹೋಗುತ್ತೆ" ಅಂತ ಹೇಳೇ ಹೇಳ್ತಾರೆ. ಡಿಸ್ಕ್‌ನಲ್ಲಿ ಚೂರು ಚೂರಾಗಿ ಹರಡಿರೋ ಫೈಲ್‌ಗಳನ್ನ ಒಟ್ಟಿಗೆ ಜೋಡಿಸೋದಕ್ಕೆ ಡಿಫ್ರ್ಯಾಗ್ ಅಂತಾರೆ, ಹಳೇ ಸಲಹೆ ಇದು. ವಿಂಡೋಸ್ 95, 98ರ ಕಾಲದಲ್ಲಿ ಪರದೆ ತುಂಬ ಬಣ್ಣದ ಚೌಕಗಳು ಜಾಗ ಬದಲಾಯಿಸೋದನ್ನ ಗಂಟೆಗಟ್ಟಲೆ ಕೂತು ನೋಡಿದವರು ಇನ್ನೂ ಅದೇ ಗುಂಗಲ್ಲಿದಾರೆ. ಆಗ ಅದರಿಂದ ನಿಜವಾಗ್ಲೂ ಉಪಯೋಗ ಇತ್ತು. ಈಗ ಉತ್ತರ ನಿಮ್ಮ ಕಂಪ್ಯೂಟರ್ ಒಳಗಡೆ ಯಾವ ಡಿಸ್ಕ್ ಇದೆ, ಅದರ ಆರೋಗ್ಯ ಹೇಗಿದೆ ಅನ್ನೋದರ ಮೇಲೆ ನಿಂತಿದೆ. ನನ್ನ ಪರಿಚಯದವರೊಬ್ರು ಟಿಕ್ ಟಿಕ್ ಅಂತ ಸದ್ದು ಮಾಡ್ತಿದ್ದ ಹಾರ್ಡ್ ಡಿಸ್ಕ್‌ಗೆ ರಾತ್ರಿ ಡಿಫ್ರ್ಯಾಗ್ ಹಾಕಿ ಮಲಗಿದ್ರು, ಬೆಳಿಗ್ಗೆ ಎದ್ದು ನೋಡಿದ್ರೆ ಡಿಸ್ಕೇ ಕಾಣಿಸ್ತಿಲ್ಲ, ಎಂಟು ವರ್ಷದ ಫೋಟೋ ಅದರ ಜೊತೇಲೇ ಹೋಯ್ತು. ಅದಕ್ಕೇ ಈ ಲೇಖನದಲ್ಲಿ ಬಟನ್ ಒತ್ತೋದಕ್ಕೆ ಒಂದೇ ಸಾಲು, ಅದಕ್ಕೆ ಮುಂಚಿನ ಕೆಲಸಕ್ಕೇ ಜಾಸ್ತಿ ಜಾಗ.

ಮೊದಲು ಈ ಫ್ರ್ಯಾಗ್ಮೆಂಟ್ ಅಂದ್ರೇನು ಅಂತ ಸ್ವಲ್ಪ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡೋ ವ್ಯವಸ್ಥೆ) ಡಿಸ್ಕನ್ನ ಸಾಮಾನ್ಯವಾಗಿ 4 ಕೆಬಿಯ ಪುಟ್ಟ ಪುಟ್ಟ ಕ್ಲಸ್ಟರ್‌ಗಳಾಗಿ ಭಾಗ ಮಾಡಿಟ್ಟಿರುತ್ತೆ. ಫೈಲ್ ಅಳಿಸಿದಾಗ ಮಧ್ಯೆ ಮಧ್ಯೆ ಜಾಗ ಖಾಲಿಯಾಗುತ್ತೆ, ಆಮೇಲೆ ದೊಡ್ಡ ಫೈಲ್ ಬಂದಾಗ ಒಂದೇ ಕಡೆ ಜಾಗ ಸಾಲದೆ ಅಲ್ಲಿ ಇಲ್ಲಿ ಚೂರು ಚೂರಾಗಿ ಕೂರುತ್ತೆ. ತಿರುಗೋ ಹಾರ್ಡ್ ಡಿಸ್ಕ್ ಒಳಗೆ ಗ್ರಾಮಫೋನ್ ಪ್ಲೇಟಿನಂಥ ತಟ್ಟೆಗಳು, ಅದರ ಮೇಲೆ ತಾಗದ ಹಾಗೆ ಓಡಾಡ್ತಾ ಓದಿ ಬರೆಯೋ ಹೆಡ್ ಇರುತ್ತೆ. ಒಂದೊಂದು ಚೂರಿಗೂ ಹೆಡ್ ಹೊಸ ಜಾಗಕ್ಕೆ ಓಡಬೇಕು, ಓಡಿದ ಮೇಲೆ ತಟ್ಟೆ ತಿರುಗಿ ಆ ಜಾಗ ಕೆಳಗೆ ಬರೋವರೆಗೂ ಕಾಯಬೇಕು. ನಿಮಿಷಕ್ಕೆ 5400 ಸುತ್ತು ತಿರುಗೋ ಲ್ಯಾಪ್‌ಟಾಪ್ ಡಿಸ್ಕ್‌ನಲ್ಲಿ ಕಾಯೋದೇ ಸರಾಸರಿ ಐದೂವರೆ ಮಿಲಿಸೆಕೆಂಡು, ಓಡೋದೂ ಸೇರಿದ್ರೆ ಹೆಚ್ಚುಕಡಿಮೆ 15. ಅಂದ್ರೆ ಸಾವಿರ ಚೂರಾಗಿರೋ ಫೈಲ್ ತೆಗೆಯೋಕೆ ಬರೀ ಓಡಾಟಕ್ಕೇ 15 ಸೆಕೆಂಡು. ಅದೇ ಚಿಪ್‌ಗಳಲ್ಲಿ ಡೇಟಾ ಇಡೋ ಎಸ್‌ಎಸ್‌ಡಿಯಲ್ಲಿ ತಿರುಗೋದೂ ಇಲ್ಲ ಓಡೋದೂ ಇಲ್ಲ, ಒಂದು ಚೂರಿಗೆ ಸುಮಾರು 0.1 ಮಿಲಿಸೆಕೆಂಡು, ಸಾವಿರಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಕಣ್ಣು ಮಿಟುಕಿಸೋಷ್ಟರಲ್ಲಿ ಮುಗೀತು.

ಹಂತ 1: ಯಾವ ಡಿಸ್ಕ್ ಅಂತ ನೋಡಿ

ಸ್ಟಾರ್ಟ್ ಒತ್ತಿ ಇಂಗ್ಲಿಷಲ್ಲಿ ಡಿಫ್ರ್ಯಾಗ್ ಅಂತ ಟೈಪ್ ಮಾಡಿ, "ಡಿಫ್ರ್ಯಾಗ್ಮೆಂಟ್ ಆಂಡ್ ಆಪ್ಟಿಮೈಸ್ ಡ್ರೈವ್ಸ್" ಬರುತ್ತೆ. ತೆಗೆದ್ರೆ ಪಟ್ಟಿಯಲ್ಲಿ "ಮೀಡಿಯಾ ಟೈಪ್" ಅನ್ನೋ ಕಾಲಂ ಇದೆ. ಸಾಲಿಡ್ ಸ್ಟೇಟ್ ಡ್ರೈವ್ ಅಂತಿದ್ರೆ ಎಸ್‌ಎಸ್‌ಡಿ, ವಿಂಡೋ ಕ್ಲೋಸ್ ಮಾಡಿ ಬೇರೆ ಕೆಲಸ ನೋಡ್ಕೊಳಿ. ವಿಂಡೋಸ್ 8 ಬಂದಾಗಿಂದ ಅದೇ ಟೂಲ್ ಎಸ್‌ಎಸ್‌ಡಿ ಕಂಡ್ರೆ ಡಿಫ್ರ್ಯಾಗ್ ಬದಲು ಸಾಮಾನ್ಯವಾಗಿ ಟ್ರಿಮ್ ಕಳಿಸುತ್ತೆ, ಅಂದ್ರೆ "ಈ ಜಾಗಗಳು ಇನ್ನು ಬೇಡ, ಬಿಡುವಾದಾಗ ಒರೆಸಿಟ್ಕೋ" ಅಂತ ಡ್ರೈವ್‌ಗೆ ಹೇಳೋದು, ಸೆಕೆಂಡುಗಳ ಕೆಲಸ. ಅದನ್ನ ಆಫ್ ಮಾಡಬೇಡಿ! "ಎಸ್‌ಎಸ್‌ಡಿಗೆ ಆಪ್ಟಿಮೈಸ್ ಮಾಡಿದ್ರೆ ಹಾಳಾಗುತ್ತೆ" ಅಂತ ಶೆಡ್ಯೂಲೇ ತೆಗೆದುಹಾಕಿದವರನ್ನ ನೋಡಿದೀನಿ, ಅದು ಅರ್ಧ ಕೇಳಿಸ್ಕೊಂಡು ಮಾಡಿದ ಕೆಲಸ. ಹಾಳು ಮಾಡೋದು ಯಾವುದು ಅಂದ್ರೆ ಬೇರೆ ಯಾವುದೋ ಹಳೇ ಸಾಫ್ಟ್‌ವೇರ್ ಹಾಕಿ ಎಸ್‌ಎಸ್‌ಡಿಗೆ ಪೂರ್ತಿ ಡಿಫ್ರ್ಯಾಗ್ ಮಾಡಿಸೋದು, ಅದರ ಮೆಮೊರಿ ಸೆಲ್‌ಗಳಿಗೆ ಇಷ್ಟೇ ಸಲ ಬರೆಯಬಹುದು ಅನ್ನೋ ಲೆಕ್ಕ ಇರುತ್ತೆ, ಜಿಬಿಗಟ್ಟಲೆ ಡೇಟಾ ಅಲ್ಲಿಂದಿಲ್ಲಿಗೆ ಸುಮ್ಮನೆ ಎತ್ತಿ ಹಾಕಿ ಆ ಲೆಕ್ಕ ಖರ್ಚು ಮಾಡೋದು ಯಾಕೆ.

ಒಂದು ಮೋಸ ಇದೆ ಇಲ್ಲಿ. ಎಸ್‌ಎಸ್‌ಡಿಯನ್ನ ಯುಎಸ್‌ಬಿ ಕೇಸ್ ಒಳಗೆ ಹಾಕಿ ಚುಚ್ಚಿದ್ರೆ ಕೆಲವೊಮ್ಮೆ ವಿಂಡೋಸ್ ಅದನ್ನ ಹಾರ್ಡ್ ಡಿಸ್ಕ್ ಅಂತಲೇ ತೋರಿಸುತ್ತೆ. ಡೌಟ್ ಬಂದ್ರೆ ಡಿಸ್ಕ್‌ನ ಮಾಡೆಲ್ ನಂಬರ್ ಸರ್ಚ್ ಮಾಡಿ. ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗೂ ಡಿಫ್ರ್ಯಾಗ್ ಬೇಡ, ಅದೂ ಎಸ್‌ಎಸ್‌ಡಿ ಥರ ಫ್ಲ್ಯಾಶ್ ಮೆಮೊರಿನೇ.

ಹಂತ 2: ಡಿಸ್ಕ್ ಗಟ್ಟಿಯಾಗಿದೆಯಾ?

ಎಲ್ರೂ ಹಾರಿ ದಾಟೋ ಹಂತ ಇದೇ, ದಯವಿಟ್ಟು ಇಲ್ಲಿ ನಿಧಾನ. ಡಿಫ್ರ್ಯಾಗ್ ಅಂದ್ರೆ ಚೂರಾದ ಫೈಲ್‌ಗಳನ್ನೆಲ್ಲ ಓದಿ ಇನ್ನೊಂದು ಕಡೆ ಬರೆಯೋದು, ಹೆಡ್‌ಗೆ ಗಂಟೆಗಟ್ಟಲೆ ಬಿಡುವಿಲ್ಲದ ಓಟ. ಗಟ್ಟಿ ಡಿಸ್ಕ್‌ಗೆ ಇದು ಏನೂ ಅಲ್ಲ. ಸಾಯ್ತಾ ಇರೋ ಡಿಸ್ಕ್‌ಗೆ ಕೊನೇ ಏಟು. ಮತ್ತೆ ತಮಾಷೆ ಏನು ಅಂದ್ರೆ ಸಾಯ್ತಾ ಇರೋ ಡಿಸ್ಕೂ ಸ್ಲೋ ಆಗೇ ಆಗುತ್ತೆ, ಒಂದು ಸೆಕ್ಟರ್ (ತಟ್ಟೆ ಮೇಲೆ ಡೇಟಾ ಇಡೋ ಪುಟ್ಟ ತುಂಡು) ಓದೋಕೆ ಆಗದೆ ಮತ್ತೆ ಮತ್ತೆ ಪ್ರಯತ್ನ ಪಡ್ತಿರುತ್ತೆ, ನಾವು ಅದನ್ನ ಫ್ರ್ಯಾಗ್ಮೆಂಟ್ ಅಂತ ಅಂದ್ಕೊಂಡು ಡಿಫ್ರ್ಯಾಗ್ ಹಾಕ್ತೀವಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ನೋಡೋದು ಹೇಗೆ? ಹಾರ್ಡ್ ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕ ತಾವೇ ಬರೆದಿಡುತ್ವೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಓದೋಕೆ ನಾನು ಬಳಸೋದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಫ್ರೀ. ಮೇಲ್ಗಡೆ ನೀಲಿ ಬಣ್ಣದಲ್ಲಿ ಗುಡ್ ಅಂತಿದ್ರೆ ಸಮಾಧಾನ, ಹಳದಿ ಇದ್ರೆ ಎಚ್ಚರ, ಕೆಂಪು ಇದ್ರೆ ಈ ಲೇಖನ ಪಕ್ಕಕ್ಕಿಟ್ಟು ಫೈಲ್ ಕಾಪಿ ಮಾಡೋಕೆ ಶುರು ಮಾಡಿ. ಆದ್ರೆ ಬಣ್ಣ ನೋಡಿ ನಿಲ್ಲಿಸಬೇಡಿ, ಪಟ್ಟಿಯಲ್ಲಿ ಮೂರು ಸಾಲು ಹುಡುಕಿ: 05 ನಂಬರಿನ ರೀಅಲೊಕೇಟೆಡ್ ಸೆಕ್ಟರ್, ಅಂದ್ರೆ ಕೆಟ್ಟು ಬದಲಿ ಜಾಗಕ್ಕೆ ಹೋದವು. ಸಿ5, ಪೆಂಡಿಂಗ್ ಸೆಕ್ಟರ್, ಅಂದ್ರೆ ಓದೋಕೆ ತಿಣುಕಾಡಿದ, ಇನ್ನೂ ತೀರ್ಮಾನ ಆಗದವು. ಸಿ6, ಸರಿಮಾಡೋಕೆ ಆಗದೇ ಹೋದವು. ಮೂರರ ರಾ ವ್ಯಾಲ್ಯೂನೂ ಸೊನ್ನೆ ಇರಬೇಕು. ಆ ನಂಬರ್‌ಗಳು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ ಕಾಣಿಸುತ್ವೆ, 10 ಅಂತ ಕಂಡ್ರೆ ಅದು ಹದಿನಾರು, ಸೆಟ್ಟಿಂಗ್‌ನಲ್ಲಿ ಡೆಸಿಮಲ್‌ಗೆ ಬದಲಾಯಿಸ್ಕೊಳಿ. 05 ಸಾಲಿನಲ್ಲಿ ಒಂದೆರಡು ಇದ್ದು ತಿಂಗಳಾದ್ರೂ ಅಷ್ಟೇ ಇದ್ರೆ ಡಿಸ್ಕ್ ಇನ್ನೂ ಸ್ವಲ್ಪ ದಿನ ಬಾಳಬಹುದು. ಸಿ5 ಏರ್ತಾ ಇದ್ರೆ ಮಾತ್ರ ಡಿಫ್ರ್ಯಾಗ್ ಅನ್ನೋ ಪದವನ್ನೇ ಮರೆತುಬಿಡಿ. ಟಿಕ್ ಟಿಕ್ ಅಥವಾ ಕರಕರ ಸದ್ದು ಬರ್ತಿದ್ರೆ ನಂಬರ್ ಚೆನ್ನಾಗಿದ್ರೂ ನಂಬಬೇಡಿ.

ಇಲ್ಲೇ ಇನ್ನೊಂದು ತಪ್ಪು ಮಾಡ್ತಾರೆ. ಡಿಸ್ಕ್ ಕೆಟ್ಟಿದೆ ಅಂತ ಗೊತ್ತಾದ ತಕ್ಷಣ ವಿಂಡೋಸ್‌ನ ಡಿಸ್ಕ್ ತಪಾಸಣೆ ಟೂಲ್ ಚೆಕ್ ಡಿಸ್ಕ್ ಓಡಿಸ್ತಾರೆ, ಅದೂ ಬ್ಯಾಡ್ ಸೆಕ್ಟರ್ ಹುಡುಕೋ ಆಪ್ಶನ್ ಹಾಕಿ. ಅದು ಇಡೀ ಡಿಸ್ಕ್ ಮೇಲೆ ಕೈಯಾಡಿಸುತ್ತೆ, ಡಿಫ್ರ್ಯಾಗ್‌ನಷ್ಟೇ ಹೊಡೆತ. ಮೊದಲು ಕಾಪಿ, ಅದೂ ಮತ್ತೆ ಸಿಗದಂಥ ಫೋಟೋ, ದಾಖಲೆ ಮೊದಲು, ಸಿನಿಮಾ ಗಿನಿಮಾ ಆಮೇಲೆ, ರಿಪೇರಿ ಮಾತು ಕೊನೇಗೆ. ಹಾಗೇ ತಪ್ಪಿ ಏನಾದ್ರೂ ಡಿಲೀಟ್ ಮಾಡಿ ಅದನ್ನ ರಿಕವರಿ ಮಾಡಿಸೋ ಯೋಚನೆ ಇದ್ರೆ ಆ ಡಿಸ್ಕ್‌ಗೆ ಡಿಫ್ರ್ಯಾಗ್ ಬೇಡವೇ ಬೇಡ, ಅಳಿಸಿದ ಫೈಲ್ ಇನ್ನೂ ಕೂತಿರೋ ಜಾಗದ ಮೇಲೇ ಬೇರೆ ಡೇಟಾ ತಂದು ಬರೆದುಬಿಡುತ್ತೆ.

ಹಂತ 3: ಅನಲೈಸ್

ಡಿಸ್ಕ್ ತಿರುಗೋ ಜಾತಿದು, ಆರೋಗ್ಯನೂ ಚೆನ್ನಾಗಿದೆ ಅಂತ ಆದ್ರೆ ಹಂತ 1ರ ಅದೇ ವಿಂಡೋದಲ್ಲಿ ಅನಲೈಸ್ ಒತ್ತಿ, ಎಷ್ಟು ಚೂರಾಗಿದೆ ಅಂತ ಪರ್ಸೆಂಟ್‌ನಲ್ಲಿ ತೋರಿಸುತ್ತೆ. 10 ಪರ್ಸೆಂಟ್‌ಗಿಂತ ಕಡಿಮೆ ಬಂದ್ರೆ ಬಿಟ್ಟುಬಿಡಿ, ಮಾಡಿದ್ರೂ ನಿಮಗೆ ವ್ಯತ್ಯಾಸ ಗೊತ್ತಾಗಲ್ಲ. ಕೆಲವರು ಸೊನ್ನೆ ಬರೋವರೆಗೂ ಬಿಡಲ್ಲ ಅಂತ ಹಠ ಹಿಡೀತಾರೆ. ವಿಂಡೋಸ್ 64 ಎಂಬಿಗಿಂತ ದೊಡ್ಡ ಚೂರುಗಳನ್ನ ಬೇಕಂತಲೇ ಹಾಗೇ ಬಿಡುತ್ತೆ, ಅಷ್ಟು ದೊಡ್ಡ ಚೂರಾದ ಮೇಲೆ ಒಂದು ಜಿಗಿತ ಉಳಿಸಿ ಸಿಗೋದು ಏನೂ ಇಲ್ಲ. ಪೇಜ್ ಫೈಲ್ (ರ್‍ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸೋ ಫೈಲ್) ಥರದ್ದನ್ನ ವಿಂಡೋಸ್ ಓಡ್ತಿರುವಾಗ ಅಲ್ಲಾಡಿಸೋಕೂ ಆಗಲ್ಲ.

ಹಂತ 4: ಒತ್ತಿ

15 ಪರ್ಸೆಂಟ್ ಆದ್ರೂ ಜಾಗ ಖಾಲಿ ಮಾಡಿ, ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಹಾಕಿ, ಆಪ್ಟಿಮೈಸ್ ಒತ್ತಿ, ಎದ್ದು ಹೋಗಿ.

ದೊಡ್ಡ ಡಿಸ್ಕ್ ಆದ್ರೆ ಗಂಟೆಗಳೇ ಹಿಡಿಯಬಹುದು. ಈಚಿನ ಕೆಲವು ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಟ್ರ್ಯಾಕ್‌ಗಳನ್ನ ಸೂರಿನ ಮೇಲೆ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅರ್ಧರ್ಧ ಹೊದಿಸಿ ಬರೆಯೋದು, ಮಧ್ಯದ ಒಂದನ್ನ ಬದಲಾಯಿಸೋಕೆ ಪಕ್ಕದವನ್ನೂ ಎತ್ತಿ ಮತ್ತೆ ಬರೀಬೇಕು, ಅದಕ್ಕೆ ಡಿಫ್ರ್ಯಾಗ್ ಹಾಕಿದ್ರೆ ಮುಗಿಯೋದೇ ಇಲ್ಲವೇನೋ ಅನ್ನಿಸುತ್ತೆ. ಬ್ಯಾಕಪ್‌ಗೆ ಅಂತ ಒಮ್ಮೆ ತುಂಬಿಟ್ಟ ಡಿಸ್ಕ್ ಆದ್ರೆ ಆ ಗೋಜೇ ಬೇಡ, ಅಳಿಸಿ ಬರೆಯೋದು ಇಲ್ಲದ ಕಡೆ ಫೈಲ್ ಚೂರು ಚೂರಾಗೋದೂ ಇಲ್ಲ.

"ಒಂದೇ ಕ್ಲಿಕ್‌ನಲ್ಲಿ ಪಿಸಿ ರಾಕೆಟ್" ಅಂತ ಬರೋ ಬೂಸ್ಟರ್ ಸಾಫ್ಟ್‌ವೇರ್‌ಗಳನ್ನ ಹತ್ತಿರ ಸೇರಿಸಬೇಡಿ. ಡಿಫ್ರ್ಯಾಗ್ ಜೊತೆಗೆ ರಿಜಿಸ್ಟ್ರಿ ಕ್ಲೀನರ್, ಯಾವುದೋ ಬ್ರೌಸರ್ ಎಕ್ಸ್‌ಟೆನ್ಶನ್, ಸ್ಟಾರ್ಟ್ ಆದ ಕೂಡ್ಲೇ ಕೂತು ಮೆಮೊರಿ ತಿನ್ನೋ ಇನ್ನೊಂದು ಪ್ರೋಗ್ರಾಂ, ಎಲ್ಲ ಹಿಂದಿನ ಬಾಗಿಲಿಂದ ಬರುತ್ವೆ. ವಿಂಡೋಸ್ ಜೊತೆ ಬಂದಿರೋದು ಸಾಕು, ನಾನಂತೂ ಬೇರೆ ಯಾವುದನ್ನೂ ಹಾಕಿ ಹತ್ತು ವರ್ಷದ ಮೇಲಾಯ್ತು. ಮಾಮೂಲಿಯಾಗಿ ಅದು ವಾರಕ್ಕೊಮ್ಮೆ ತಾನೇ ಓಡೋ ಹಾಗೆ ಸೆಟ್ ಆಗಿರುತ್ತೆ, ಶೆಡ್ಯೂಲ್ ಆನ್ ಇದೆಯಾ ಅಂತ ಅದೇ ವಿಂಡೋದ ಕೆಳಗಡೆ ನೋಡಿ, ಆನ್ ಇದ್ರೆ ಕೈಯಾರೆ ಮಾಡೋ ಅಗತ್ಯ ಬರೋದೇ ಅಪರೂಪ. ಲಿನಕ್ಸ್‌ನವರಿಗೆ ಇದು ಇನ್ನೂ ಅಪರೂಪ, ಅಲ್ಲಿ ಮಾಮೂಲಾಗಿ ಬಳಸೋ ಎಕ್ಸ್‌ಟಿ4 ಫೈಲ್ ಸಿಸ್ಟಮ್ ಬರೆಯುವಾಗಲೇ ಸ್ವಲ್ಪ ತಡೆದು ಒಟ್ಟಿಗೆ ಜಾಗ ಹುಡುಕಿ ಬರೆಯುತ್ತೆ.

ಡಿಫ್ರ್ಯಾಗ್ ಮುಗಿದ ಮೇಲೂ ಎಳೀತಾ ಇದ್ರೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬ್ ನೋಡಿ. ಮೆಮೊರಿ 90 ಪರ್ಸೆಂಟ್ ದಾಟಿದ್ರೆ ಸಮಸ್ಯೆ ರ್‍ಯಾಮ್‌ದು, ಬ್ರೌಸರ್ ಟ್ಯಾಬ್ ಮುಚ್ಚಿ. ಮೆಮೊರಿ ಆರಾಮಾಗಿದ್ದು ಡಿಸ್ಕ್ ಒಂದೇ ಸಮ 100 ಪರ್ಸೆಂಟ್‌ನಲ್ಲಿ ಕೂತಿದ್ರೆ ಅದನ್ನ ಯಾವ ಪ್ರೋಗ್ರಾಂ ತಿಂತಿದೆ ಅಂತ ಪ್ರೊಸೆಸಸ್ ಟ್ಯಾಬ್‌ನಲ್ಲಿ ಹುಡುಕಿ, ಯಾವುದೂ ಸಿಗದಿದ್ರೆ ಮತ್ತೆ ಡಿಫ್ರ್ಯಾಗ್ ಹಾಕಬೇಡಿ, ವಿಂಡೋಸ್ ಇರೋ ಡ್ರೈವನ್ನ ಎಸ್‌ಎಸ್‌ಡಿಗೆ ಬದಲಾಯಿಸಿ, ಹಳೇದನ್ನ ಫೈಲ್ ಇಡೋಕೆ ಇಟ್ಕೊಳಿ.