ಮಾತ್ರೆ ತಗೊಳ್ಳುವಾಗ ಬ್ಯಾಚ್ ನಂಬರ್ ಬಿಡಬೇಡಿ

ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತೇ ನನ್ನ ಕೂದಲು ಬೆಳ್ಳಗಾಗಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡ ಮೇಲೆ "ಅಣ್ಣಾ, ಈ ಔಷಧ ನಂಬಬಹುದಾ?" ಅಂತ ಕೇಳುವವರು ಜಾಸ್ತಿಯಾದರು. ಕೇಳಲೇಬೇಕು. ಅಲ್ಲಿ ಅನುಮಾನ ಬಂದಿದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿ ಮೇಲೆ. ಅದನ್ನು ತಯಾರಿಸಿದ ಕಂಪನಿಯ ಕೆಲವು ಬ್ಯಾಚ್‌ಗಳನ್ನು ನಮ್ಮ ರಾಜ್ಯದ ಲ್ಯಾಬ್ ಫೇಲ್ ಮಾಡಿತ್ತು, ಕೇಂದ್ರದ ಲ್ಯಾಬ್ ಪಾಸ್ ಮಾಡಿತ್ತು. ಹೀಗಾದರೆ ಜನ ಯಾರನ್ನು ನಂಬಬೇಕು? ಅದರ ಹಿಂದಿನ ವರ್ಷವೇ ಜನ ವಿಶ್ವಾಸ್ ಕಾಯ್ದೆ ಬಂದು, ಕಳಪೆ ಔಷಧದ ಕೆಲವು ಕೇಸುಗಳನ್ನು ದುಡ್ಡು ಕಟ್ಟಿ ರಾಜಿ ಮಾಡಿಕೊಳ್ಳಲು ದಾರಿ ಮಾಡಿಕೊಟ್ಟಿತ್ತು. ನನಗೆ ಅದು ಇವತ್ತಿಗೂ ಒಪ್ಪಿಗೆಯಿಲ್ಲ.

ಹಾಗಾಗಿ ನಮ್ಮ ಕೈಲಾದಷ್ಟು ನಾವೇ ನೋಡಿಕೊಳ್ಳೋಣ. ಎಲ್ಲಕ್ಕೂ ಬೇಕಾಗೋದು ಬ್ಯಾಚ್ ನಂಬರ್, ಅಂದರೆ ಒಂದೇ ಸಲಕ್ಕೆ ತಯಾರಾದ ಸರಕಿಗೆ ಕಂಪನಿ ಹಾಕುವ ಗುರುತಿನ ಸಂಖ್ಯೆ.

ನಾಲ್ಕು ಮಾತ್ರೆ ಕೇಳಿದರೆ ಅಂಗಡಿಯವರು ಕತ್ತರಿ ಹಾಕಿ ಕೊಡುತ್ತಾರೆ, ಅಲ್ವಾ? ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಷ್ಟೋ ಸ್ಟ್ರಿಪ್‌ಗಳಲ್ಲಿ ಒಂದೇ ತುದಿಯಲ್ಲಿರುತ್ತವೆ. ನಿಮ್ಮ ಕೈಗೆ ಬರೋದು ಸುಮ್ನೆ ಬೆಳ್ಳಿ ಕಾಗದದ ತುಂಡು. ಆ ತುದಿಯ ಫೋಟೋ ತೆಗೆದುಕೊಳ್ಳಿ. ಬಿಲ್ ಕೇಳಿ, ಅದರಲ್ಲಿ ಬ್ಯಾಚ್ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಸಂಕೋಚ ಬೇಡ, ನೆಟ್ಟಗೆ ವ್ಯಾಪಾರ ಮಾಡುವವರು ಬೇಜಾರು ಮಾಡಿಕೊಳ್ಳಲ್ಲ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳಿಗೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕಡ್ಡಾಯ. ಇದ್ದರೆ ಸ್ಕ್ಯಾನ್ ಮಾಡಿ, ಸ್ಟ್ರಿಪ್ ಮೇಲಿನ ವಿವರಕ್ಕೆ ತಾಳೆಯಾಗಬೇಕು.

ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ತನ್ನ ವೆಬ್‌ಸೈಟ್‌ನಲ್ಲಿ ಪ್ರತಿ ತಿಂಗಳು ಫೇಲಾದ ಔಷಧಗಳ ಪಟ್ಟಿ ಹಾಕುತ್ತದೆ. 'ಅಲರ್ಟ್ಸ್' ವಿಭಾಗದಲ್ಲಿ ಹುಡುಕಿ. ಕೇಂದ್ರದ ಲ್ಯಾಬ್‌ಗಳದ್ದು ಬೇರೆ, ರಾಜ್ಯಗಳದ್ದು ಬೇರೆ, ಎರಡನ್ನೂ ನೋಡಿ. ಯಾಕೆ ಫೇಲಾಯ್ತು ಅಂತಲೂ ಇರುತ್ತದೆ. 'ಅಸ್ಸೇ' ಅಂದರೆ ಔಷಧದ ಅಂಶ ಇರಬೇಕಾದ ಪ್ರಮಾಣದಲ್ಲಿಲ್ಲ. 'ಡಿಸೊಲ್ಯೂಷನ್' ಅಂದರೆ ಮಾತ್ರೆ ಸರಿಯಾಗಿ ಕರಗಿ ಔಷಧ ಬಿಡುತ್ತಿಲ್ಲ. ಬಿಪಿ ಮಾತ್ರೆ ನುಂಗಿಯೂ ಬಿಪಿ ಇಳಿಯದಿರಬಹುದು. ಪಟ್ಟಿಯಲ್ಲಿ ನಿಮ್ಮ ಮಾತ್ರೆಯ ಹೆಸರು ನೋಡಿ ಗಾಬರಿಯಾಗಬೇಡಿ, ಬ್ಯಾಚ್ ನಂಬರೂ ಹೊಂದಬೇಕು. ಹೊಂದಿದರೂ ಮಾತ್ರೆ ನಿಲ್ಲಿಸಬೇಡಿ. ಅಂಗಡಿಯಲ್ಲಿ ಬೇರೆ ಬ್ಯಾಚ್ ಕೇಳಿ, ಡಾಕ್ಟರಿಗೂ ತಿಳಿಸಿ. ಬಿಪಿ, ಶುಗರ್, ಫಿಟ್ಸ್ ಮಾತ್ರೆ ದಿಢೀರನೆ ಬಿಟ್ಟರೆ ಅದೇ ದೊಡ್ಡ ಅಪಾಯ.

ಪಟ್ಟಿಯಲ್ಲಿಲ್ಲ, ಆದರೂ ಅನುಮಾನ ಇದೆಯಾ? ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಸೆಕ್ಷನ್ ನೋಡಿ. ಔಷಧ ಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ಅನಾಲಿಸ್ಟ್ (ಔಷಧ ಪರೀಕ್ಷಿಸುವ ಅಧಿಕಾರಿ) ಹತ್ತಿರ ಟೆಸ್ಟ್ ಮಾಡಿಸಬಹುದು, ಸಹಿ ಇರುವ ರಿಪೋರ್ಟ್ ಪಡೆಯಬಹುದು. ಅರ್ಜಿ ಫಾರಂ 14-ಎ. ಜಿಲ್ಲೆಯ ಡ್ರಗ್ ಇನ್ಸ್‌ಪೆಕ್ಟರ್ ಕಚೇರಿಯಲ್ಲಿ ವಿಚಾರಿಸಿ. ಒಡೆಯದ ಪ್ಯಾಕ್ ಮತ್ತು ಬಿಲ್ ಜೊತೆಗಿರಲಿ. ಈ ಹಕ್ಕು ಇರೋದೇ ಬಹಳ ಜನರಿಗೆ ಗೊತ್ತಿಲ್ಲ, ಅದೇ ನನ್ನ ಸಂಕಟ. ಇನ್ನೊಂದು ವಿಷಯ: 32ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಹೋಗಲು ಇನ್ಸ್‌ಪೆಕ್ಟರೇ ಬೇಕೆಂದಿಲ್ಲ. ತೊಂದರೆಗೊಳಗಾದವರೂ ಹೋಗಬಹುದು, ಮಾನ್ಯತೆ ಪಡೆದ ಗ್ರಾಹಕರ ಸಂಘವೂ ಹೋಗಬಹುದು.

ಔಷಧ ತಗೊಂಡ ಮೇಲೆ ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಮೊದಲು ಆಸ್ಪತ್ರೆಗೆ ಓಡಿ. ಸುಧಾರಿಸಿಕೊಂಡ ಮೇಲೆ 1800-180-3024ಕ್ಕೆ ಫೋನ್ ಮಾಡಿ. ಅಡ್ಡಪರಿಣಾಮಗಳ ದೂರು ಬರೆದುಕೊಳ್ಳುವ ಟೋಲ್ ಫ್ರೀ ನಂಬರ್ ಅದು. ಮಾತಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ.