ಹಳೆಯ ಬೀಟಲ್‌ಗೆ ಯುರೋಪಿನ ಮಾದರಿಯ ಬಂಪರ್
ಮಂಜೇಶ್ವರ, ಕುಂಬಳೆ ಕಡೆಯ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಮಾಲೀಕರು, ಅಮೆರಿಕದ ಮಾದರಿಯ ಕೊಳವೆಯಿರುವ ಬಂಪರ್ ತೆಗೆದು ಯುರೋಪಿನ ಸರಳ ಪಟ್ಟಿಯ ಬಂಪರ್ ಕೂರಿಸುವ ಮುನ್ನ ಕಾರಿನ ಮಾದರಿ ವರ್ಷವನ್ನು ಖಚಿತಪಡಿಸಿಕೊಳ್ಳಬೇಕು. 1968ರ ಮಾದರಿಯಿಂದ ಬಂಪರ್, ಬ್ರಾಕೆಟ್, ಮಡ್‌ಗಾರ್ಡ್ ಮೂರೂ ಬದಲಾದುದರಿಂದ ಅದಕ್ಕಿಂತ ಮೊದಲಿನ ಬಂಪರ್‌ಗಳು ಆ ಕಾರುಗಳಿಗೆ ನೇರವಾಗಿ ಹೊಂದುವುದಿಲ್ಲ. 1967ರವರೆಗಿನ ಕಾರುಗಳಲ್ಲಿ ಕೊಳವೆಯನ್ನೂ ಎತ್ತರದ ಓವರ್‌ರೈಡರ್‌ಗಳನ್ನೂ (ಬಂಪರ್ ಪಟ್ಟಿಯ ಮೇಲೆ ನೆಟ್ಟಗೆ ನಿಲ್ಲುವ ತುಂಡುಗಳು) ಕಳಚಿ ಗಿಡ್ಡನೆಯವನ್ನು ಹಾಕುವುದೇ ಮುಖ್ಯ ಕೆಲಸ. ಪಟ್ಟಿಯ ತೂತುಗಳು ಹೊಂದುತ್ತವೆಯೇ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ನೋಡಿ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಬೋಲ್ಟುಗಳು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಂಪರಿನ ಒಳಮೈಯಲ್ಲಿ ಕ್ರೋಮ್ ಲೇಪ ತೆಳುವಾಗಿರುವುದರಿಂದ, ಅಲ್ಲಿ ಮರಳು ಕಾಗದದಿಂದ ಉಜ್ಜಿ ಜಿಂಕ್ ಪ್ರೈಮರ್ ಬಳಿಯುವುದನ್ನು ದಯವಿಟ್ಟು ಬಿಡಬೇಡಿ. ಮಳೆಗಾಲದಲ್ಲಿ ತುಕ್ಕು ಆರಂಭವಾಗುವುದು ಅಲ್ಲಿಂದಲೇ. ಬೋಲ್ಟುಗಳನ್ನೆಲ್ಲ ಮೊದಲು ಸಡಿಲವಾಗಿ ಹಾಕಿ, ಎರಡೂ ಬದಿಯ ಅಂತರವನ್ನು ಅಳೆದು ಸರಿಪಡಿಸಿದ ಬಳಿಕವೇ ಬಿಗಿಗೊಳಿಸಿ.